ಅಡಿಪದರದಲ್ಲಿ ಅನಸೂಯಾ

ಗಾಜಿನ ಪೆಟ್ಟಿಗೆಯೊಳಗೆ ಅಂಗೈಯಗಲದ ಬೆಳ್ಳಿಬಣ್ಣದ ತಟ್ಟೆಯೊಂದು ನಿಧಾನವಾಗಿ ತಿರುಗುತ್ತಿತ್ತು. ಅದರ ಮೇಲೆ, ಮುಟ್ಟಿಯೂ ಮುಟ್ಟದಂತೆ, ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಯೊಂದು ಸುಳಿದಾಡುತ್ತಿತ್ತು. ಪಕ್ಕದ ಪರದೆಯಲ್ಲಿ ಎಂದೋ ಮುಚ್ಚಿಹೋದ ನೂಲಿನ ಗಿರಣಿಯೊಂದರ ಹಾಜರಿ ಪಟ್ಟಿ ಸಾಲುಸಾಲಾಗಿ ಮೂಡುತ್ತಿತ್ತು. ಐವತ್ತೆರಡು ವರ್ಷಗಳ ಹಿಂದೆ ಗಿರಣಿಯ ಗುಮಾಸ್ತನೊಬ್ಬ ಆ ಪಟ್ಟಿಯನ್ನು ಅಳಿಸಿ ಅದರ ಮೇಲೆ ಕ್ರಿಕೆಟ್ ಪಂದ್ಯಗಳನ್ನು ತುಂಬಿಸಿಟ್ಟಿದ್ದ. ಈಗ ಪಂದ್ಯಗಳು ಹೋಗಿ ಹಾಜರಿ ಬಂತು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಮುದುಕರು ತಮ್ಮ ತಮ್ಮ ಹೆಸರು ಕಂಡಕೂಡಲೇ ಶಾಲೆಯ ಹುಡುಗರ ಹಾಗೆ ‘ಹಾಜರ್’ ಎಂದು ಕೂಗಿ ನಕ್ಕರು.

ಇದು ೨೦೫೯ರ ಮಾತು. ಗದಗ ಪಟ್ಟಣದ ದತ್ತಾಂಶ ಉದ್ಧಾರ ಕೇಂದ್ರದಲ್ಲಿದ್ದ ಆ ಯಂತ್ರದ ಹೆಸರು ‘ಅಡಿಪದರ ಓದುಗ’. ಅದರ ತತ್ತ್ವ ಕಷ್ಟದ್ದೇನಲ್ಲ. ಹಾರ್ಡ್ ಡಿಸ್ಕ್ ಎಂದು ನಮ್ಮ ಹಿರಿಯರು ಕರೆಯುತ್ತಿದ್ದ ಪೆಟ್ಟಿಗೆಯಲ್ಲಿ ಕಾಂತಕಣಗಳ ಲೇಪವಿರುವ ತಟ್ಟೆಗಳಿರುತ್ತಿದ್ದವು. ಬರೆಯುವ ಸೂಜಿ ಆ ಕಣಗಳನ್ನು ಅತ್ತಲೋ ಇತ್ತಲೋ ತಿರುಗಿಸಿ ಮಾಹಿತಿಯನ್ನು ದಾಖಲಿಸುತ್ತಿತ್ತು. ಹಳೆಯದರ ಮೇಲೆ ಹೊಸದನ್ನು ಬರೆದಾಗ ಹಳೆಯದು ಅಳಿಯಿತು ಎಂದೇ ಎಲ್ಲರೂ ನಂಬಿದ್ದರು. ಆದರೆ ರಂಗೋಲಿಯ ಎಳೆಯ ಮೇಲೆ ಮತ್ತೊಂದು ಎಳೆ ಹಾಕಿದರೆ ಎಷ್ಟೇ ಪಳಗಿದ ಕೈಯಾದರೂ ಅಂಚಿನಲ್ಲಿ ಚೂರು ಹಳೆಯ ಪುಡಿ ಇಣುಕುತ್ತದಲ್ಲ, ಇಲ್ಲಿಯೂ ಹಾಗೆಯೇ. ಅಂಚಿನಲ್ಲಿ ಉಳಿದ ಈ ಕ್ಷೀಣ ಶಕ್ತಿಗೆ ವಿಜ್ಞಾನಿಗಳು ‘ಶೇಷಕಾಂತತೆ’ ಎಂದು ಹೆಸರಿಟ್ಟರು. ಮೇಲಿನ ಪದರವನ್ನು ಹದವಾಗಿ ಕಾಯಿಸಿ ಅಳಿಸುತ್ತ, ಶೇಷಕಾಂತತೆಯನ್ನು ಒಟ್ಟುಗೂಡಿಸಿ ಓದುವುದೇ ಯಂತ್ರದ ಕೆಲಸ.

ಗಿರಣಿಯ ಮುದುಕರು ಎದ್ದುಹೋದ ಮೇಲೆ ಆ ಬೆಂಚಿನ ತುದಿಯಲ್ಲಿ ಒಬ್ಬನೇ ಉಳಿದ. ದ್ಯಾಮಣ್ಣ ಚಿತ್ರಗಾರ, ವಯಸ್ಸು ಎಂಬತ್ತು. ಒಂದು ಕಾಲಕ್ಕೆ ಬೆಟಗೇರಿಯಲ್ಲಿ ಮದುವೆಗಳ ವಿಡಿಯೋ ತೆಗೆಯುವ ಸ್ಟುಡಿಯೋ ಇಟ್ಟುಕೊಂಡಿದ್ದವನು. ಅವನ ತೊಡೆಯ ಮೇಲೆ ಹಳೆಯ ಟವೆಲ್ಲಿನಲ್ಲಿ ಸುತ್ತಿದ ಒಂದು ಹಾರ್ಡ್ ಡಿಸ್ಕ್ ಇತ್ತು.

ಕೇಂದ್ರದ ವಿಜ್ಞಾನಿ ಡಾ. ಮೆಹರುನ್ನಿಸಾ ನದಾಫ್ ಅದನ್ನು ಕೈಗೆತ್ತಿಕೊಂಡು, “ಇದರಲ್ಲಿ ಏನಿದೆ ಅಜ್ಜಾ?” ಎಂದು ಕೇಳಿದರು.

“ಮ್ಯಾಲ ಒಂದು ಮದುವಿ ಐತ್ರೀ. ಅದರ ಕೆಳಗ ನನ್ನ ಹೇಣ್ತಿ ಅದಾಳ,” ಎಂದ ದ್ಯಾಮಣ್ಣ.

ಡಾ. ನದಾಫ್ ವಿಚಿತ್ರವಾದ ಬೇಡಿಕೆಗಳನ್ನು ಸಾಕಷ್ಟು ಕೇಳಿದ್ದರು. ಆದರೂ ಕುರ್ಚಿ ಎಳೆದುಕೊಂಡು ಕುಳಿತರು.

ದ್ಯಾಮಣ್ಣ ಸಾವಿರಕ್ಕೂ ಹೆಚ್ಚು ಮದುವೆಗಳ ವಿಡಿಯೋ ತೆಗೆದಿದ್ದ. ಊರವರ ತೊಟ್ಟಿಲ ಕಾರ್ಯ, ಬಸುರಿಯರ ಕುಬುಸದ ಕಾರ್ಯ, ಹೊಸ ಟ್ರ್ಯಾಕ್ಟರಿನ ಪೂಜೆ, ಯಾವುದನ್ನೂ ಬಿಟ್ಟಿರಲಿಲ್ಲ. ಹೆಂಡತಿ ಅನಸೂಯಾ ದೀಪ ಹಿಡಿದು ಎಲ್ಲ ಕಡೆ ಅವನ ಜೊತೆಗೆ ಇರುತ್ತಿದ್ದಳು, ದೀಪದ ಹಿಂದೆ, ಕತ್ತಲಲ್ಲಿ. ಅವರದು ಸಾಮೂಹಿಕ ವಿವಾಹ. ಅದರ ವಿಡಿಯೋದಲ್ಲಿ ಅವಳ ಬಾಸಿಂಗ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಎರಡು ಫೋಟೋಗಳಿದ್ದವು. ಎರಡರಲ್ಲೂ ಆಕೆ ಉಸಿರು ಕಟ್ಟಿಕೊಂಡು ನೆಟ್ಟಗೆ ನಿಂತಿದ್ದಳು. ೨೦೦೯ರಲ್ಲಿ ಹೊಸ ಕ್ಯಾಮೆರಾ ಬಂದಾಗ, ಮುಹೂರ್ತಗಳಿಲ್ಲದ ಒಂದು ದಿನ, ಇಬ್ಬರೂ ಮೋಟರ್ ಸೈಕಲ್ ಮೇಲೆ ಕಪ್ಪತಗುಡ್ಡಕ್ಕೆ ಹೋಗಿದ್ದರು. ಅಲ್ಲಿ ನಲವತ್ತೊಂದು ನಿಮಿಷ ಚಿತ್ರೀಕರಣ ಮಾಡಿದ್ದರು. ಮನೆಗೆ ಬಂದು ಡಿಸ್ಕಿಗೆ ಹಾಕಿ, ‘ಆಮೇಲೆ ನೋಡೋಣ’ ಎಂದು ಇಟ್ಟಿದ್ದರು. ಆ ಆಮೇಲೆ ಬರಲೇ ಇಲ್ಲ. ೨೦೧೧ರಲ್ಲಿ ಅನಸೂಯಾ ಒಂಬತ್ತು ದಿನ ಜ್ವರದಲ್ಲಿ ಮಲಗಿ ಹೋಗಿಬಿಟ್ಟಳು. ಮಕ್ಕಳಿರಲಿಲ್ಲ.

“ಅದರ ಮೇಲೆ ಮದುವೆ ಹೇಗೆ ಬಂತು?”

ದ್ಯಾಮಣ್ಣ ತಲೆ ತಗ್ಗಿಸಿದ. “ನನ್ನ ಶಾಣ್ಯಾತನ್ರೀ,” ಎಂದ.

ಅದು ಅಂದಿನ ಗಣಕಗಳನ್ನು ಬಳಸಿದ ಮಂದಿ ಮಾತ್ರ ಮಾಡಬಹುದಾಗಿದ್ದ ತಪ್ಪು. ೨೦೧೦ರ ಮೇ ತಿಂಗಳ ಒಂದು ಭಾನುವಾರ ಬೆಟಗೇರಿಯಿಂದ ಹಿಡಿದು ನರೇಗಲ್ಲದವರೆಗೆ ಎಲ್ಲಿ ನೋಡಿದರೂ ಮದುವೆ. ಖಾಲಿ ಡಿಸ್ಕ್ ಒಂದೂ ಇರಲಿಲ್ಲ. ಕಪ್ಪತಗುಡ್ಡದ ಚಿತ್ರವನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿ ಇದನ್ನು ಖಾಲಿ ಮಾಡೋಣವೆಂದು ದ್ಯಾಮಣ್ಣ ಅವಸರದಲ್ಲಿ ಕುಳಿತ. ಗಣಕದ ಪರದೆಯ ಮೇಲೆ ‘ಕಪ್ಪತಗುಡ್ಡ’ ಎಂಬ ಹೆಸರಿನ ಚಿಹ್ನೆಯಿತ್ತು. ಅದನ್ನು ಎತ್ತಿ ಆ ಡಿಸ್ಕಿಗೆ ಹಾಕಿದ. ಕಣ್ಣು ಮಿಟುಕಿಸುವಷ್ಟರಲ್ಲಿ ನಕಲು ಮುಗಿಯಿತು. ನಲವತ್ತೊಂದು ನಿಮಿಷದ ಚಿತ್ರ ಇಷ್ಟು ಬೇಗ ಹೇಗೆ ಹೋಯಿತು ಎಂಬ ಅನುಮಾನ ಬರಬೇಕಿತ್ತು, ಬರಲಿಲ್ಲ. ತೆರೆದು ಕೂಡ ನೋಡಿದ. ಚಿತ್ರ ಚೆನ್ನಾಗಿ ಓಡಿತು. ಆದರೆ ಅವನು ನಕಲು ಮಾಡಿದ್ದು ಶಾರ್ಟ್‌ಕಟ್ ಅನ್ನು. ಅಂದರೆ ಮನೆಯನ್ನಲ್ಲ, ಮನೆಯ ವಿಳಾಸ ಬರೆದ ಚೀಟಿಯನ್ನು. ಹಳೆಯ ಡಿಸ್ಕ್ ಇನ್ನೂ ಗಣಕಕ್ಕೆ ಜೋಡಿಸಿಯೇ ಇದ್ದುದರಿಂದ ಚೀಟಿ ದಾರಿ ತೋರಿಸಿತು, ಚಿತ್ರ ಓಡಿತು. ನೆಮ್ಮದಿಯಿಂದ ಮೂಲ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ, ಹೆಗಲಿಗೆ ಚೀಲ ಏರಿಸಿಕೊಂಡು, ನರೇಗಲ್ಲದ ಮದುವೆಗೆ ಹೋದ. ಅನಸೂಯಾ ಸತ್ತು ನಾಲ್ಕು ತಿಂಗಳಾದ ಮೇಲೆ ಧೈರ್ಯ ಮಾಡಿ ಚಿತ್ರ ನೋಡಲು ಕುಳಿತಾಗ ಅವನ ಬಳಿ ಇದ್ದದ್ದು ಚೀಟಿ ಮಾತ್ರ.

“ಮಾರಿ ಫೋಟೋದಾಗ ಐತ್ರೀ,” ಎಂದ ದ್ಯಾಮಣ್ಣ. “ಧ್ವನಿ ಇಲ್ಲ. ನನಗ ಆಕಿ ‘ಏನ್ರೀ’ ಅಂತ ಕರೀತಿದ್ಲು. ಆ ‘ಏನ್ರೀ’ ಹೆಂಗಿತ್ತು ಅನ್ನೂದನ್ನ ಮರತೀನಿ. ಇಪ್ಪತ್ತು ವರ್ಷ ಆತು ಮರತು. ನೆನಪು ಮಾಡ್ಕೋಬೇಕು ಅಂತ ಕುಂದ್ರತೀನಿ, ನಮ್ಮ ತಮ್ಮನ ಸೊಸಿ ಧ್ವನಿ ಬರತೈತಿ, ಟೀವಿಯವರ ಧ್ವನಿ ಬರತೈತಿ, ಆಕೀದು ಬರಂಗಿಲ್ಲ. ಒಂದ ಸಲ ಕೇಳಿಸ್ರಿ ಸಾಕು.”

ಡಾ. ನದಾಫ್ ಡಿಸ್ಕನ್ನು ಪರೀಕ್ಷಿಸಿದರು. ಅದರ ಸ್ವಂತ ಸೂಜಿ ಮುರಿದಿತ್ತು, ತಟ್ಟೆಯ ಲೇಪ ಅಲ್ಲಲ್ಲಿ ಹೊಪ್ಪಳಿಕೆ ಎದ್ದಿತ್ತು. ಸುದ್ದಿ ಒಳ್ಳೆಯದಿರಲಿಲ್ಲ. ಇಷ್ಟು ಹಳೆಯ ತಟ್ಟೆ ಒಂದೇ ಒಂದು ಓಟವನ್ನು ತಡೆದೀತು. ಆ ಓಟದಲ್ಲಿ ಮೇಲಿನ ಮದುವೆಯನ್ನಾದರೂ ಓದಬಹುದು, ಕೆಳಗಿನ ಕಪ್ಪತಗುಡ್ಡವನ್ನಾದರೂ ಓದಬಹುದು. ಎರಡನ್ನೂ ಆಗದು. ಮೇಲಿನದನ್ನು ಓದಿದರೆ ಕೆಳಗಿನದು ಸಿಗದು. ಕೆಳಗಿನದು ಬೇಕಾದರೆ ಮೇಲಿನದನ್ನು ಸುಡಬೇಕು.

“ಈ ಮದುವೆಯ ಪ್ರತಿ ಅವರ ಹತ್ತಿರ ಇರಬೇಕಲ್ಲ?”

“ಇಲ್ರೀ. ಅವ್ರು ಒಯ್ಯಾಕ ಬರಲೇ ಇಲ್ಲ.”

“ಹಾಗಾದರೆ ಇದೊಂದೇ ಪ್ರತಿ. ಮೇಲಿನ ಪದರದ ಒಡೆಯರಲ್ಲಿ ಒಬ್ಬರಾದರೂ ಇಲ್ಲಿಗೆ ಬಂದು ಒಪ್ಪಿಗೆಯ ಸಹಿ ಹಾಕಬೇಕು. ಕಾನೂನು ಹಾಗಿದೆ ಅಜ್ಜಾ.”

ಡಿಸ್ಕಿನ ಮೇಲೆ ಅಂಟಿಸಿದ್ದ ಪಟ್ಟಿಯಲ್ಲಿ ದ್ಯಾಮಣ್ಣನದೇ ಅಕ್ಷರಗಳಿದ್ದವು: ‘ಶಿವಲೀಲಾ – ಮಲ್ಲಿಕಾರ್ಜುನ, ನರೇಗಲ್ಲ’. ಒಯ್ಯಲು ಬಾರದವರ ಮದುವೆಯನ್ನು ಅಳಿಸಬಾರದು ಎಂಬುದು ಅವನ ಸ್ಟುಡಿಯೋದ ಕಟ್ಟಳೆಯಾಗಿತ್ತು. ಅಂಗಡಿ ಮುಚ್ಚಿದ ಮೇಲೂ ಅದನ್ನು ಮುರಿದಿರಲಿಲ್ಲ. ಮರುದಿನವೇ ನರೇಗಲ್ಲದ ಬಸ್ಸು ಹತ್ತಿದ.

ಶಿವಲೀಲಾ ಸಿಕ್ಕಿದ್ದು ಪ್ರೌಢಶಾಲೆಯ ಮೈದಾನದಲ್ಲಿ. ದೈಹಿಕ ಶಿಕ್ಷಕಿಯಾಗಿದ್ದು ನಿವೃತ್ತರಾಗಿ ಹದಿಮೂರು ವರ್ಷವಾಗಿದ್ದರೂ ಆಕೆ ಈಗಲೂ ಸಂಜೆ ಹುಡುಗಿಯರಿಗೆ ಕಬಡ್ಡಿ ಹೇಳಿಕೊಡುತ್ತಿದ್ದರು. ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು, ಕೊರಳಲ್ಲಿ ಸೀಟಿ. ನಿಮ್ಮ ಮದುವೆಯ ವಿಡಿಯೋ ಸುಡಲು ನಿಮ್ಮ ಸಹಿ ಬೇಕು ಎಂದು ದ್ಯಾಮಣ್ಣ ಹೇಳಿದ್ದೇ ತಡ, ಆಕೆ ದೊಡ್ಡದಾಗಿ ನಕ್ಕರು.

“ಎರಡು ತಿಂಗಳ ಮದುವೀರೀ ಅದು! ಆ ಮನಶ್ಯಾ ಇನ್ನೊಂದು ಸಂಸಾರ ಇಟ್ಕೊಂಡಿದ್ದ. ನಾನು ಟ್ರಂಕ್ ಎತ್ಕೊಂಡು ಬಂದೆ, ನೌಕರಿ ಹಿಡಿದೆ, ಆರಾಮ ಅದೀನಿ. ಅದನ್ನ ಸುಡಾಕ ನನ್ನ ಸಹಿ ಬೇಕ? ಕೊಡ್ರಿ, ಎರಡೂ ಕೈಯಿಂದ ಹಾಕ್ತೀನಿ.”

ದ್ಯಾಮಣ್ಣನಿಗೆ ಹೋದ ಜೀವ ಬಂದಂತಾಯಿತು. ಇಬ್ಬರೂ ಮೈದಾನದ ಕಟ್ಟೆಯ ಮೇಲೆ ಕುಳಿತರು. ಅವನು ಅನಸೂಯಾಳ ವಿಷಯವನ್ನೆಲ್ಲ ಹೇಳಿದ. ಕೇಳುತ್ತ ಕೇಳುತ್ತ ಶಿವಲೀಲಾರ ಮುಖದ ನಗು ಇಳಿಯಿತು. ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ, “ಅದರಾಗ ನಮ್ಮಪ್ಪ ಇರಬೇಕಲ್ರೀ,” ಎಂದರು.

ದ್ಯಾಮಣ್ಣ ಸುಳ್ಳು ಹೇಳಬಹುದಿತ್ತು. ಆದರೆ ತಾನು ತೆಗೆದ ಮದುವೆಗಳನ್ನು ಅವನು ಮರೆಯುತ್ತಿರಲಿಲ್ಲ. “ಅದಾರ್ರೀ,” ಎಂದ. “ನಿಮ್ಮನ್ನ ಕಳಿಸಿ ಕೊಡೂ ಹೊತ್ತಿನ್ಯಾಗ ಹಂದರದ ಕಂಬ ಹಿಡಕೊಂಡು ಅತ್ತಿದ್ರು. ನಾ ಅದನ್ನ ಹತ್ರದಿಂದ ಹಿಡದೀನಿ.”

“ನಮ್ಮಪ್ಪ ಅತ್ತಿದ್ದ?”

“ನೀವು ಕಾರಿನಾಗ ಕುಂತ ಮ್ಯಾಲ.”

ಶಿವಲೀಲಾ ಮೈದಾನದ ಕಡೆ ಮುಖ ತಿರುಗಿಸಿದರು. ಮೈದಾನದಲ್ಲಿ ಹುಡುಗಿಯರು ಗೆರೆ ದಾಟಿದೆ, ದಾಟಿಲ್ಲ ಎಂದು ಜಗಳವಾಡುತ್ತಿದ್ದರು. ತಂದೆ ಒರಟು ಮನುಷ್ಯ, ಟ್ರಂಕ್ ಹಿಡಿದು ವಾಪಸ್ಸು ಬಂದ ಮಗಳಿಗೆ ಒಂದು ಮಾತೂ ಆಡದೆ ಬಾಗಿಲು ತೆರೆದಿದ್ದರು. ಅವರಿಗೆ ಅಳು ಬರುತ್ತಿತ್ತು ಎಂಬುದು ಎಪ್ಪತ್ತಮೂರರ ಈ ವಯಸ್ಸಿನಲ್ಲಿ ಆಕೆಗೆ ತಿಳಿದ ಹೊಸ ಸಂಗತಿ. ದ್ಯಾಮಣ್ಣ ಎದ್ದು ಕೈಮುಗಿದ. ಬ್ಯಾಡ ಬಿಡ್ರಿ, ನಿಮ್ಮ ಮದುವಿ ನೀವು ನೋಡ್ರಿ, ಎಂದು ಹೇಳಲು ಬಾಯಿ ತೆರೆದರೂ ಮಾತು ಹೊರಡಲಿಲ್ಲ. ಅಷ್ಟು ದೊಡ್ಡ ಮನಸ್ಸು ಅವನಲ್ಲಿ ಆಗ ಇರಲಿಲ್ಲ, ಅದಕ್ಕಾಗಿ ಅವನಿಗೆ ನಾಚಿಕೆಯೂ ಆಯಿತು.

“ಕುಂದ್ರಿ,” ಎಂದರು ಶಿವಲೀಲಾ. “ನಮ್ಮಪ್ಪನ ಧ್ವನಿ ನಮ್ಮಣ್ಣನ ಫೋನಿನಾಗ ಐತಿ. ಬೈಯೂದು, ಬ್ಯಾರೆ ಏನಲ್ಲ, ಆದ್ರೂ ಐತಿ. ಅತ್ತಿದ್ದ ಅಂತ ನೀವು ಹೇಳಿದ್ರಿ, ನಾ ಕೇಳಿದೆ. ನಿಮಗರ ಹೇಳೂವ್ರು ಯಾರೂ ಇಲ್ಲ. ಸಹಿ ಹಾಕ್ತೀನಿ. ಆದ್ರ ಸುಡೂ ಹೊತ್ತಿನ್ಯಾಗ ನಾ ಅಲ್ಲೇ ಇರಾಕಿ. ನಾನೂ ನೋಡತೀನಿ ನಿಮ್ಮಾಕೀನ್ನ.”

ಮರುವಾರ ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಕೇಂದ್ರದಲ್ಲಿದ್ದರು. ದ್ಯಾಮಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕ್ಷೌರ ಮಾಡಿಸಿಕೊಂಡು ಬಂದಿದ್ದ. ಶಿವಲೀಲಾ ಒಪ್ಪಿಗೆಯ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು, ಆಮೇಲೆ ಸಹಿ ಹಾಕಿದರು.

ತಟ್ಟೆ ತಿರುಗತೊಡಗಿತು. ಮೇಲಿನ ಪದರ ಸುಡುವಾಗ ಪರದೆಯ ಮೇಲೆ ಏನೂ ಕಾಣಲಿಲ್ಲ. ಒಂದು ಹಸಿರು ಗೆರೆ ಮಾತ್ರ ನಿಧಾನವಾಗಿ ಉದ್ದವಾಯಿತು. ಶಿವಲೀಲಾ ಆ ಗೆರೆಯನ್ನೇ ನೋಡುತ್ತಿದ್ದರು. ಮೂರು ಗಂಟೆಗಳ ನಂತರ ತಟ್ಟೆ ಕರಕರ ಎಂದು ನಿಂತುಹೋಯಿತು, ಇನ್ನು ಅದು ಎಂದೂ ತಿರುಗುವಂತಿರಲಿಲ್ಲ. ಡಾ. ನದಾಫ್ ಫಲಿತಾಂಶ ನೋಡಿ, “ಬಂದಿದೆ ಅಜ್ಜಾ! ನಲವತ್ತೊಂದು ನಿಮಿಷವೂ ಬಂದಿದೆ,” ಎಂದರು. ಸಂತೋಷದಿಂದ ಅವರ ಸ್ವರವೇ ಏರಿತ್ತು.

ಚಿತ್ರ ಆರಂಭವಾಯಿತು. ಕಪ್ಪತಗುಡ್ಡದ ಹುಲ್ಲು, ಹಿಂದೆ ತಿರುಗುವ ಗಾಳಿಯಂತ್ರಗಳು, ಮೇಲೆ ಮೋಡವಿಲ್ಲದ ಆಕಾಶ. ಹುಲ್ಲಿನ ನಡುವೆ ಒಬ್ಬ ಮನುಷ್ಯ ನಿಂತಿದ್ದ. ಮೂವತ್ತರ ವಯಸ್ಸು, ಕಪ್ಪು ಮೀಸೆ, ಮೊಣಕೈವರೆಗೆ ಮಡಚಿದ ಅಂಗಿ.

ಅವನು ದ್ಯಾಮಣ್ಣನೇ.

ದ್ಯಾಮಣ್ಣ ಕಾದ. ಚಿತ್ರದೊಳಗಿನ ದ್ಯಾಮಣ್ಣ ಅತ್ತ ನಡೆದ, ಇತ್ತ ನಡೆದ, ಕಲ್ಲಿನ ಮೇಲೆ ಕುಳಿತ, ಕೈಯಾಡಿಸಿ ಏನೋ ಹೇಳಿದ. ಎರಡು ನಿಮಿಷ ಕಳೆಯಿತು. ಡಾ. ನದಾಫ್ ಮುಂದಕ್ಕೆ ಓಡಿಸಿದರು. ಹತ್ತನೆಯ ನಿಮಿಷದಲ್ಲಿ ದ್ಯಾಮಣ್ಣ, ಇಪ್ಪತ್ತನೆಯದರಲ್ಲಿ ದ್ಯಾಮಣ್ಣ, ನಲವತ್ತನೆಯದರಲ್ಲಿ ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತಿರುವ ದ್ಯಾಮಣ್ಣ. ಅನಸೂಯಾ ಎಲ್ಲಿಯೂ ಇರಲಿಲ್ಲ.

ಆಗ ಅವನಿಗೆ ಎಲ್ಲವೂ ನೆನಪಾಯಿತು, ತಡೆತಡೆದು ಇಬ್ಬರಿಗೂ ಹೇಳಿದ. ಮದುವೆ ಮನೆಗಳಲ್ಲಿ ಹೆಣ್ಣುಮಕ್ಕಳ ಕೋಣೆಯೊಳಗೆ ಗಂಡಸು ಕ್ಯಾಮೆರಾ ಹಿಡಿದು ಹೋಗುವ ಹಾಗಿರಲಿಲ್ಲ. ಅದಕ್ಕೆ ಅನಸೂಯಾಳಿಗೆ ಕ್ಯಾಮೆರಾ ಕಲಿಸಬೇಕೆಂದು ಗುಡ್ಡಕ್ಕೆ ಕರೆದೊಯ್ದಿದ್ದ. ಇಷ್ಟು ವರ್ಷ ಮನಸ್ಸಿನಲ್ಲಿ ಉಳಿದಿದ್ದ, ಗಾಳಿಗೆ ಹಾರುವ ಅವಳ ಗಿಳಿಹಸಿರು ಸೀರೆಯನ್ನು ಅವನು ನೋಡಿದ್ದು ಬರಿಗಣ್ಣಿನಿಂದ, ಕ್ಯಾಮೆರಾದ ಮೂಲಕವಲ್ಲ. ಜೀವಮಾನವೆಲ್ಲ ಕ್ಯಾಮೆರಾ ಹಿಡಿದವನ ನೆನಪು, ಅಂದಿನ ಕ್ಯಾಮೆರಾವನ್ನೂ ಅವನ ಕೈಯಲ್ಲೇ ಇಟ್ಟುಬಿಟ್ಟಿತ್ತು.

“ಕ್ಯಾಮೆರಾ ಅವರ ಕೈಯಲ್ಲಿದ್ದರೆ ಧ್ವನಿ ಇನ್ನೂ ಸ್ಪಷ್ಟವಾಗಿ ಬಂದಿರಬೇಕು,” ಎಂದರು ಡಾ. ನದಾಫ್ ಆಸೆಯಿಂದ. “ಧ್ವನಿಗ್ರಾಹಕಕ್ಕೆ ಅವರೇ ಎಲ್ಲರಿಗಿಂತ ಹತ್ತಿರ.”

“ಬರಂಗಿಲ್ರೀ,” ಎಂದ ದ್ಯಾಮಣ್ಣ. “ಕ್ಯಾಮೆರಾ ಹಿಡದವ್ರು ಬಾಯಿ ಬಿಡಬಾರದು. ಅದು ನಮ್ಮ ಕೆಲಸದ ಮೊದಲನೇ ಪಾಠ. ನಾನ ಕಲಿಸೀನಿ. ಬಾಯಿ ಬಿಟ್ಟರ ಬೈತಿದ್ದೆ. ಆಕಿ ಹೇಳಿದ್ದನ್ನ ಕೇಳಾಕಿ.”

ಮೂವರೂ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದರು. ಚಿತ್ರದೊಳಗಿನ ದ್ಯಾಮಣ್ಣ ಮಾತ್ರ ಮಾತಾಡುತ್ತಿದ್ದ. ಉಳಿದಂತೆ ನಿಶ್ಶಬ್ದ.

ದ್ಯಾಮಣ್ಣ ಶಿವಲೀಲಾರ ಕಡೆ ತಿರುಗಿದ, ಮುಖ ನೋಡುವ ಧೈರ್ಯವಾಗದೆ ಅವರ ಬೂಟುಗಳನ್ನೇ ನೋಡಿದ. “ನಿಮ್ಮಪ್ಪನ್ನ ಸುಮ್ಮಸುಮ್ಮನ ಸುಟ್ಟಂಗಾತು ನೋಡವಾ. ತಪ್ಪಾತು.” ಡಾ. ನದಾಫ್ ಮುಕ್ತಾಯದ ಪತ್ರವನ್ನು ಮುಂದಿಟ್ಟರು. ಸಹಿ ಬಿದ್ದ ಕೂಡಲೇ ಯಂತ್ರ ಅಂತಿಮ ಪ್ರತಿಯೊಂದನ್ನು ಉಳಿಸಿಕೊಂಡು ಬಾಕಿಯದನ್ನೆಲ್ಲ ತಾನಾಗಿ ಅಳಿಸಿಬಿಡುತ್ತಿತ್ತು. ದ್ಯಾಮಣ್ಣ ಕನ್ನಡಕ ಏರಿಸಿ ಸಹಿಯ ಜಾಗ ಹುಡುಕಿದ. ಮನೆಗೆ ಹೋದರೆ ಸಾಕಾಗಿತ್ತು ಅವನಿಗೆ.

ಶಿವಲೀಲಾ ಪರದೆಯಿಂದ ಕಣ್ಣು ತೆಗೆದಿರಲಿಲ್ಲ. “ಒಂದು ಮಾತು ಕೇಳತೀನ್ರೀ ಡಾಕ್ಟರ,” ಎಂದರು. “ಗುಡ್ಡದ ಮ್ಯಾಲ ಅಷ್ಟು ಗಾಳಿ. ಕ್ಯಾಮೆರಾ ಮೊದಲನೇ ಸಲ ಹಿಡದಾಕಿ. ನಲವತ್ತು ನಿಮಿಷ ಹೆಂಗರೀ ಆಕಿ ಕೈ ಚೂರೂ ಅಲ್ಲಾಡಲಿಲ್ಲ? ನನ್ನ ಹುಡುಗ್ಯಾರಿಗೆ ಚೆಂಡು ಹಿಡದು ಐದು ನಿಮಿಷ ನಿಲ್ಲಂದ್ರ ನಿಲ್ಲಾಕ ಆಗಂಗಿಲ್ಲ.”

“ಅಲ್ಲಾಡಿರುತ್ತದೆ,” ಎಂದರು ಡಾ. ನದಾಫ್. “ನಮ್ಮ ಯಂತ್ರದಲ್ಲಿ ಶೋಧಕ ಎಂಬ ಭಾಗವಿದೆ. ಹಳೆಯ ದಾಖಲೆಗಳಲ್ಲಿ ಕೈನಡುಕ, ಗಾಳಿಯ ಸದ್ದು, ಉಸಿರಾಟದ ಸದ್ದು, ಇಂಥ ದೋಷಗಳನ್ನೆಲ್ಲ ಸೋಸಿ ಶುದ್ಧ ಪ್ರತಿ ಕೊಡುತ್ತದೆ. ಎಲ್ಲರೂ ಅದನ್ನೇ...”

ಮಾತು ಅಲ್ಲಿಗೇ ನಿಂತಿತು. ದ್ಯಾಮಣ್ಣ ಪೆನ್ನು ಕೆಳಗಿಟ್ಟಿದ್ದ.

“ಏನೇನು ಸೋಸೇತ್ರೀ ಅದು?”

“ಕೈನಡುಕ. ಉಸಿರು.”

“ತಗೀರಿ ಅದನ್ನ. ಸೋಸೂದನ್ನ ತಗೀರಿ.”

ಡಾ. ನದಾಫ್ ಶೋಧಕವನ್ನು ನಿಲ್ಲಿಸಿ, ಮೂಲದ ಓದಿಕೆಯನ್ನು ಮೊದಲಿನಿಂದ ಹಾಕಿದರು. ಕೋಣೆಯ ತುಂಬ ಗಾಳಿ ನುಗ್ಗಿತು. ಚಿತ್ರ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಅಂಚಿನಲ್ಲಿ ಗಿಳಿಹಸಿರು ಸೆರಗೊಂದು ಪಟಪಟನೆ ಹಾರಿ ಮರೆಯಾಯಿತು. ಶೋಧಕ ಅದನ್ನೂ ಅಡಚಣೆಯೆಂದು ಕತ್ತರಿಸಿ ಎಸೆದಿತ್ತು. ಗಾಳಿಯ ಸದ್ದಿನ ಈಚೆಗೆ, ಕಿವಿಯ ಪಕ್ಕದಲ್ಲೇ ಎಂಬಷ್ಟು ಹತ್ತಿರದಲ್ಲಿ, ಯಾರೋ ಉಸಿರಾಡುತ್ತಿದ್ದರು. ಬಿಗಿಹಿಡಿದು, ತಡೆಯಲಾರದೆ ಬಿಟ್ಟು, ಮತ್ತೆ ಬಿಗಿಹಿಡಿದು. ಕಲಿಯುವವಳ ಉಸಿರು.

ದ್ಯಾಮಣ್ಣನ ಎರಡೂ ಕೈಗಳು ಮೇಜಿನ ಅಂಚನ್ನು ಹಿಡಿದವು.

ಚಿತ್ರದೊಳಗಿನ ಮೀಸೆಯ ದ್ಯಾಮಣ್ಣ ಮಾಸ್ತರನ ಹಾಗೆ ಬೆರಳು ಎತ್ತಿ ಪಾಠ ಹೇಳುತ್ತಿದ್ದ. “ಅಲ್ಲಾಡಬ್ಯಾಡ! ಮೊಣಕೈ ಪಕ್ಕೀಗೆ ಒತ್ತು! ಬಾಯಿ ಮುಚ್ಚು!” ಹಾಗೆ ಹೇಳುತ್ತ ಹಿಂದೆ ಹಿಂದೆ ಸರಿದವನು ಕಲ್ಲು ಎಡವಿ ಹುಲ್ಲಿನ ಮೇಲೆ ದೊಪ್ಪನೆ ಕುಳಿತ. ಕುಳಿತಲ್ಲಿಂದಲೇ ಗಂಭೀರವಾಗಿ ಬೆರಳು ಎತ್ತಿ, “ಹಿಡದಿ ಹೌದಲ್ಲ?” ಎಂದ.

ಚಿತ್ರ ಮೇಲೆ ಕೆಳಗೆ ಕುಲುಕತೊಡಗಿತು. ಗುಡ್ಡ ಕುಲುಕಿತು, ಗಾಳಿಯಂತ್ರಗಳು ಕುಲುಕಿದವು, ಮೀಸೆ ಕುಲುಕಿತು. ಉಸಿರು ಮೂಗಿನಲ್ಲಿ ಸಿಕ್ಕಿಹಾಕಿಕೊಂಡು ತುಂಡು ತುಂಡಾಗಿ ಹೊರಬಂತು.

“ಯಾಕೆ, ಡಿಸ್ಕ್ ಕೆಟ್ಟಿದೆಯೇ ಇಲ್ಲಿ?” ಎಂದು ಡಾ. ನದಾಫ್ ಮುಂದಕ್ಕೆ ಬಾಗಿದರು.

“ಇಲ್ರೀ,” ಎಂದ ದ್ಯಾಮಣ್ಣ. ಕಣ್ಣೀರು ಅವನ ಹೊಸದಾಗಿ ಬೋಳಿಸಿದ ಗಲ್ಲದ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ನಗಾಕತ್ಯಾಳ. ಆಕಿ ನಕ್ಕರ ಸಪ್ಪಳ ಬರತಿರಲಿಲ್ಲರೀ, ಬರೇ ಭುಜ ಕುಣೀತಿದ್ವು. ನನಗ ಇದು ನೆನಪ ಇರಲಿಲ್ಲ. ಬಾಯಿ ಮುಚ್ಚು ಅಂತ ಹೇಳೀನಲ್ಲ, ಬಾಯಿ ಮುಚ್ಚೇ ನಗಾಕತ್ಯಾಳ ನೋಡ್ರಿ.”

ಪರದೆಯಲ್ಲಿ ಅವನು ಧೂಳು ಕೊಡವಿಕೊಂಡು ಎದ್ದ, ಮುಖ ಕೆಂಪಾಗಿತ್ತು. ಕ್ಯಾಮೆರಾ ಅವನನ್ನು ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಅವನು ನಡೆದರೆ ಹಿಂದೆಯೇ ಹೋಯಿತು. ನಿಂತರೆ ನಿಂತಿತು. ಅವನು ಬೆನ್ನು ತಿರುಗಿಸಿದಾಗ ಬೆನ್ನನ್ನೇ ನೋಡುತ್ತ ಕಾಯಿತು.

ಶಿವಲೀಲಾ ಕೊರಳ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದು ನೋಡುತ್ತಿದ್ದರು. “ಇಷ್ಟು ಹೊತ್ತು ನನ್ನನ್ನ ಯಾರೂ ನೋಡಿಲ್ಲ ನೋಡ್ರೀ,” ಎಂದರು ಮೆಲ್ಲಗೆ. ಆಮೇಲೆ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು.

ಮುದುಕನಿಗೆ ದಣಿವಾದೀತೆಂದು ಡಾ. ನದಾಫ್ ಚಿತ್ರ ನಿಲ್ಲಿಸಲು ಕೈಯೆತ್ತಿದರು. ದ್ಯಾಮಣ್ಣ ಅವರ ಕೈಯನ್ನು ಮೆತ್ತಗೆ ಹಿಡಿದುಕೊಂಡ.

“ಇರಲಿ ಬಿಡವಾ,” ಎಂದ. “ಇನ್ನೂ ಮೂವತ್ತಾರು ನಿಮಿಷ ಐತಿ.”